ಮಾಡೇಬಿಡೋಣ ರಾಯರು

"ಖರ್ಚೇನು ಬಂತು ಮೇಷ್ಟ್ರೇ, ಎಲ್ಲಾ ಮನೇಲೇ ಇರೋ ಸಾಮಾನು. ಮಾಡೇಬಿಡೋಣ!"

ಬನಶಂಕರಿಯ ನಮ್ಮ ಕ್ರಾಸಿನಲ್ಲಿ ಈ ಮಾತು ಗೇಟಿನ ಹತ್ತಿರ ಕೇಳಿಸಿತೆಂದರೆ ಹೆಂಗಸರು ವಿನಿಗರ್ ಬಾಟಲಿಯನ್ನು ಮೇಲಿನ ಶೆಲ್ಫಿಗೆ ಏರಿಸುತ್ತಾರೆ, ಗಂಡಸರು ಬಾರದ ಫೋನಿಗೆ "ಹಲೋ" ಅನ್ನುತ್ತಾ ಒಳಕ್ಕೆ ಸರಿಯುತ್ತಾರೆ. ರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ, ಅದು ಪಿಂಚಣಿ ಪುಸ್ತಕದಲ್ಲಿ ಭದ್ರವಾಗಿದೆ. ಬೀದಿಯ ಪಾಲಿಗೆ ಅವರು ಮಾಡೇಬಿಡೋಣ ರಾಯರು. ಸರ್ಕಾರಿ ಕಚೇರಿಯಲ್ಲಿದ್ದಷ್ಟು ಕಾಲ 'ಪರಿಶೀಲಿಸಿ ಮಂಡಿಸುವುದು' ಎಂದು ಷರಾ ಬರೆಯದೆ ಒಂದು ಕಡತವನ್ನೂ ಮೇಜಿನಿಂದ ಅಲ್ಲಾಡಿಸದಿದ್ದ ಮನುಷ್ಯ, ನಿವೃತ್ತಿಯಾದ ಮಾರನೆಯ ದಿನದಿಂದ ಯಾವುದನ್ನೂ ಪರಿಶೀಲಿಸದೆ ಎಲ್ಲವನ್ನೂ ಮಂಡಿಸುತ್ತಿದ್ದಾರೆ.

ಅವರಿಗೆ ಉಪಾಯಗಳು ಬರುವ ದಾರಿ ಹಲವು. ವಾಟ್ಸಾಪ್ ಇದೆ, ಭಾನುವಾರದ ಪುರವಣಿ ಇದೆ, ಪಾರ್ಕಿನ ಬೆಂಚಿದೆ, ತುಮಕೂರಿನಲ್ಲಿ ಒಬ್ಬರು ಸೋದರತ್ತೆ ಇದ್ದಾರೆ. ಇವುಗಳಲ್ಲಿ ಮೇಲು ಕೀಳು ಎಂಬ ಭೇದ ರಾಯರಿಗಿಲ್ಲ. 'ವಿಜ್ಞಾನಿಗಳು ಬೆರಗಾದರು' ಅಂತ ಮೇಲ್ಗಡೆ ಬರೆದಿದ್ದರೆ ಮಾತ್ರ ಆವತ್ತು ಸ್ನಾನಕ್ಕೂ ಮುಂಚೆ ಕೆಲಸ ಶುರು.

ನನ್ನ ಬಳಿ ಅವರು ಬರುವುದು ಸಲಹೆಗಲ್ಲ, ಸಹಿಗೆ. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟವನು. "ಮೇಷ್ಟ್ರು ಹೂಂ ಅಂದಿದ್ದಾರೆ" ಎಂದು ಹೆಂಡತಿಗೆ ಹೇಳುವಂತಾದರೆ ಸಾಕು. ನಾನು ಉಹೂಂ ಅಂದರೂ ಹೂಂ ಅಂದರೂ ಎರಡರಲ್ಲೂ ಹೂಂ ಇದೆಯಲ್ಲ, ಅವರು ಕೇಳಿಸಿಕೊಳ್ಳುವುದು ಕೊನೆಯ ಅಕ್ಷರವನ್ನು ಮಾತ್ರ.

ಅವರ ಅಡುಗೆಮನೆಯ ಸಿಂಕಿನ ಕಥೆಯನ್ನು ತೆಗೆದುಕೊಳ್ಳಿ. ನೀರು ನಿಧಾನವಾಗಿ ಇಳಿಯುತ್ತಿತ್ತು. ರಾಯರು ಒಂದು ಬಟ್ಟಲು ಅಡುಗೆ ಸೋಡಾ ಸುರಿದು, ಅದರ ಮೇಲೆ ವಿನಿಗರ್ ಹುಯ್ದು, ನನ್ನನ್ನು ಕೈಹಿಡಿದು ಎಳೆದುಕೊಂಡು ಬಂದರು. ಸಿಂಕು ಭುಸಭುಸನೆ ನೊರೆ ಕಾರುತ್ತಿತ್ತು.

"ನೋಡಿದ್ರಾ, ಕೊಳೆ ಹೆಂಗೆ ಕುದೀತಾ ಇದೆ!"

"ಕುದೀತಿರೋದು ಕೊಳೆಯಲ್ಲ ರಾಯರೇ, ಸೋಡಾ."

ಸೋಡಾ ಕ್ಷಾರ, ವಿನಿಗರ್ ಆಮ್ಲ. ಎರಡನ್ನೂ ಸೇರಿಸಿದರೆ ಒಂದನ್ನೊಂದು ತಿಂದುಹಾಕುತ್ತವೆ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ, ಉಳಿಯುವುದು ಚೂರು ಸೋಡಿಯಂ ಅಸಿಟೇಟ್ ಕರಗಿದ ನೀರು. ಬೇರೆ ಬೇರೆಯಾಗಿ ಎರಡೂ ಕೆಲಸಕ್ಕೆ ಬರುತ್ತವೆ. ಜಿಡ್ಡಿಗೆ ಸೋಡಾ ಹಚ್ಚಿ ಉಜ್ಜಬಹುದು, ಬೋರ್‌ವೆಲ್ ನೀರಿನಿಂದ ನಲ್ಲಿಗೆ ಹತ್ತಿದ ಬಿಳಿ ಕಲೆಯನ್ನು ವಿನಿಗರ್ ಕರಗಿಸುತ್ತದೆ. ಒಟ್ಟಿಗೆ ಹಾಕಿದರೆ ಇಬ್ಬರ ಶಕ್ತಿಯೂ ಆ ನೊರೆಯಲ್ಲೇ ಮುಗಿಯಿತು. ಇಷ್ಟು ಹೇಳುವಷ್ಟರಲ್ಲಿ ರಾಯರು ನನ್ನ ವಾಕ್ಯದ ನಡುವಿನಿಂದ ಒಂದೇ ಒಂದನ್ನು ಹೆಕ್ಕಿಕೊಂಡರು: ಬಿಳಿ ಕಲೆಯನ್ನು ವಿನಿಗರ್ ಕರಗಿಸುತ್ತದೆ.

ಸಿಂಕಿನ ಪಕ್ಕದ ಕಟ್ಟೆಗೆ ಹಾಸಿದ್ದು ಕಡಪ ಕಲ್ಲು. ಕರ್ರಗೆ ಮಿರುಗುತ್ತಿದ್ದ ಹಳೇ ಕಾಲದ ಕಲ್ಲು, ಅದರ ಮೇಲೆ ನಲ್ಲಿ ನೀರು ಚಿಮ್ಮಿ ಅಲ್ಲಲ್ಲಿ ಬಿಳಿ ಚುಕ್ಕೆ. ಮಾರನೆಯ ದಿನ ಹೋಗಿ ನೋಡಿದರೆ ಚುಕ್ಕೆಗಳಿರಲಿಲ್ಲ, ಮಿರುಗೂ ಇರಲಿಲ್ಲ. ಕಟ್ಟೆಯ ಅರ್ಧ ಭಾಗ ಬೂದಿ ಬಳಿದ ಹಾಗೆ ಮಂಕಾಗಿತ್ತು. ಕಡಪ ಕಲ್ಲೆಂದರೆ ಸುಣ್ಣದ ಕಲ್ಲು. ಕಲೆಯೂ ಸುಣ್ಣ, ಕಲ್ಲೂ ಸುಣ್ಣ. ಯಾವುದನ್ನು ತಿನ್ನಬೇಕು ಯಾವುದನ್ನು ಬಿಡಬೇಕು ಎಂದು ವಿನಿಗರ್‌ಗೆ ಹೇಳಿಕೊಟ್ಟವರು ಯಾರು?

"ಕಲೆ ಹೋಯ್ತೋ ಇಲ್ವೋ?" ಎಂದರು ರಾಯರು.

"ಹೋಯ್ತು ರೀ, ಈಗ ಇಡೀ ಕಟ್ಟೆ ಒಂದೇ ಕಲೆ" ಎಂದರು ಅವರ ಮನೆಯವರು, ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸದೆ.

ಸಿಂಕು ಕಟ್ಟಿಕೊಂಡಿದ್ದು ಆಮೇಲೆ ಬಿಟ್ಟಿತು. ಕೆಲಸದ ಹುಡುಗಿ ಕೆಳಗಿನ ಪೈಪಿನ ತಿರುಪು ಬಿಚ್ಚಿ, ಹಾಗಲಕಾಯಿ ತಿರುಳಿನ ಒಂದು ಉಂಡೆಯನ್ನು ಈಚೆಗೆಳೆದಳು. ರಾಯರ ದಾಖಲೆಯಲ್ಲಿ ಅದು ಸೋಡಾ-ವಿನಿಗರ್ ಗೆದ್ದ ದಿನ. "ಅದು ಸಡಿಲ ಮಾಡಿಟ್ಟಿತ್ತು, ಇವಳು ತೆಗೆದಳು ಅಷ್ಟೆ."

ಇಲ್ಲಿಯೇ ರಾಯರ ಮೂಲಮಂತ್ರವಿದೆ. ಅವರ ಯಾವ ಉಪಾಯವೂ ಸೋತ ದಾಖಲೆಯಿಲ್ಲ. ಗೇಟಿಗೆ ನೀಲಿ ಬೆರೆಸಿದ ನೀರಿನ ಬಾಟಲಿಗಳನ್ನು ಕಟ್ಟಿದರು, ಬೀದಿನಾಯಿಗಳು ಹತ್ತಿರ ಸುಳಿಯುವುದಿಲ್ಲ ಅಂತ. ನಾಯಿಗೆ ಕಷ್ಟವಾಗುವುದು ಕೆಂಪು ಹಸಿರಿನ ವ್ಯತ್ಯಾಸ ತಿಳಿಯುವುದು, ನೀಲಿ ಅದಕ್ಕೆ ಚೆನ್ನಾಗಿಯೇ ಕಾಣುತ್ತದೆ. ಕಂಡು ಹೆದರುವುದಿಲ್ಲ ಎಂಬುದು ಬೇರೆ ಮಾತು. ನಮ್ಮ ಕ್ರಾಸಿನ ಕಂದುನಾಯಿ ಆ ಬಾಟಲಿಯ ಕೆಳಗಿನ ನೆರಳಲ್ಲೇ ಮಧ್ಯಾಹ್ನ ಕಳೆಯುತ್ತದೆ. "ಮಲಗಿದೆ ಅಷ್ಟೆ, ಗಲೀಜು ಮಾಡಿದೆಯಾ? ಕೇಳಿ!" ನಾಯಿಯನ್ನು ಕೇಳುವುದು ಹೇಗೆ.

ಮನಿ ಪ್ಲಾಂಟ್ ವಿಷಯದಲ್ಲಿ ಮಾತ್ರ ಅವರ ಕೈಯಲ್ಲಿ ದೊಡ್ಡ ಹೆಸರಿತ್ತು. "ನಾಸಾದವರೇ ಹೇಳಿದ್ದಾರೆ ಮೇಷ್ಟ್ರೇ, ಗಿಡ ಇಟ್ರೆ ಮನೆ ಗಾಳಿ ಶುದ್ಧ." ನಾಸಾದವರು ಹೇಳಿದ್ದು ನಿಜ. 1989ರಲ್ಲಿ ಬಿಲ್ ವೂಲ್ವರ್ಟನ್ ಎಂಬ ವಿಜ್ಞಾನಿ ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಗಿಡ ಇಟ್ಟು ಪರೀಕ್ಷಿಸಿದ್ದರು. ಅಂತರಿಕ್ಷದಲ್ಲಿ ಕಿಟಕಿ ತೆಗೆಯಲಾಗುವುದಿಲ್ಲವಲ್ಲ, ಅವರ ಚಿಂತೆ ಅದು. ಅಂಥ ಹಲವು ಪ್ರಯೋಗಗಳ ಲೆಕ್ಕವನ್ನು ಒಟ್ಟುಗೂಡಿಸಿ 2019ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಹೇಳಿದ್ದೇನೆಂದರೆ, ಸಾಮಾನ್ಯ ಕಟ್ಟಡದಲ್ಲಿ ತಾನಾಗಿ ಓಡಾಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ರಾಯರ ಹತ್ತು ಹನ್ನೆರಡರ ಕೋಣೆಗೆ ಕಡಿಮೆಯೆಂದರೂ ನೂರಹತ್ತು. ಈ ಲೆಕ್ಕ ಹೇಳಿದ್ದು ನನ್ನದೇ ತಪ್ಪೇನೋ ಎನ್ನುವಷ್ಟು ಉತ್ಸಾಹದಿಂದ ಅವರು ಖಾಲಿ ಬಾಟಲಿ ಕೂಡಿಹಾಕಿ, ನೀರು ತುಂಬಿ, ಬಳ್ಳಿ ಇಳಿಬಿಡಲು ಶುರುಮಾಡಿದರು. ಡೆಂಗಿ ಕಾಲದಲ್ಲಿ ಲಾರ್ವಾ ನೋಡಲು ಬಂದ ಆಶಾ ಕಾರ್ಯಕರ್ತೆ ಮೊದಲನೇ ಬಾಟಲಿಗೇ ಟಾರ್ಚು ಬಿಟ್ಟು, "ಸಾರ್, ಇಲ್ಲಿ ಸ್ಕೂಲೇ ನಡೀತಾ ಇದೆ" ಅಂದಳು. ನಿಂತ ತಿಳಿನೀರೆಂದರೆ ಈಡಿಸ್ ಸೊಳ್ಳೆಗೆ ತವರುಮನೆ, ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಬಾಟಲಿಗಳು ಹೋದವು. ಗಾಳಿಯ ಶುದ್ಧಿಗೆ ಅವರ ಮನೆಯವರು ಕಿಟಕಿ ತೆರೆದಿಟ್ಟರು.

ರಾಯರಿಗೆ ಸುಮ್ಮನೆ ಅನ್ಯಾಯ ಮಾಡಬಾರದು. ಒಮ್ಮೆ ಅವರ ಉಪಾಯ ಅಕ್ಷರಶಃ ಫಲಿಸಿತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಪಾತ್ರೆಯೊಂದಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ, ಕಪ್ಪಾದ ಬೆಳ್ಳಿ ದೀಪವನ್ನು ಫಾಯಿಲ್‌ಗೆ ತಾಗುವಂತೆ ಮುಳುಗಿಸಿದರು. ಕೊಳೆತ ಮೊಟ್ಟೆಯ ಹಾಗೆ ಸಣ್ಣಗೆ ವಾಸನೆ ಎದ್ದಿತು, ದೀಪ ಹೊಳೆಯಿತು. ಬೆಳ್ಳಿಯ ಕಪ್ಪೆಂದರೆ ಅದು ಗಂಧಕದ ಜೊತೆ ಕೂಡಿಕೊಂಡದ್ದು. ಅಲ್ಯೂಮಿನಿಯಂ ಆ ಗಂಧಕವನ್ನು ಬಿಡಿಸಿ, ಬೆಳ್ಳಿಯನ್ನು ಅಲ್ಲೇ ಉಳಿಸುತ್ತದೆ. ಪೇಸ್ಟ್ ಹಾಕಿ ಉಜ್ಜಿ ಗೀರು ಮಾಡುವುದಕ್ಕಿಂತ ಎಷ್ಟೋ ವಾಸಿ. ನಾನು ಮನಸಾರೆ ಹೊಗಳಿದೆ. ಆಶ್ಚರ್ಯವೆಂದರೆ ರಾಯರ ಮುಖ ಇಳಿಯಿತು. ಕಾರಣವಿರುವ ಉಪಾಯ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಹುರುಪು ತಂದುಕೊಳ್ಳಲೆಂದೋ ಏನೋ ಅತ್ತೆಯ ಕಾಲದ ಕುಂಕುಮ ಭರಣಿಯನ್ನೂ ಅದೇ ನೀರಿಗೆ ಅದ್ದಿದರು. ಅದರ ಕೆತ್ತನೆಯ ಗೆರೆಗಳಲ್ಲಿ ಕಪ್ಪು ಕೂತಿದ್ದರಿಂದಲೇ ಬಳ್ಳಿ, ಹಂಸ ಎಲ್ಲ ಎದ್ದು ಕಾಣುತ್ತಿದ್ದವು. ಈಗ ಹಂಸ ಎಲ್ಲಿದೆ ಎಂದು ಬೆರಳಲ್ಲಿ ತಡವಿ ನೋಡಬೇಕು.

ಹಳೇ ಉಪಾಯಗಳ ಮೇಲೂ ಅವರಿಗೆ ಅಷ್ಟೇ ಅಸಡ್ಡೆ. ಅವರ ಮನೆಯವರು ವರ್ಷಕ್ಕಾಗುವ ತೊಗರಿಬೇಳೆಗೆ ಹರಳೆಣ್ಣೆ ಸವರಿ, ಬಿಸಿಲಿಗೆ ಹಾಕಿ, ಡಬ್ಬಿ ತುಂಬುತ್ತಾರೆ. ಕೆ.ಜಿ.ಗೆ ಒಂದು ಚಮಚೆ ಎಣ್ಣೆ ಸಾಕು. ಕಾಳಿನ ಮೇಲೆ ಎಣ್ಣೆಯ ಪೊರೆ ಇದ್ದರೆ ಹುಳು ಇಟ್ಟ ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ, ಇದನ್ನು ಕೃಷಿ ವಿಜ್ಞಾನಿಗಳೂ ಪರೀಕ್ಷೆ ಮಾಡಿ ಒಪ್ಪಿದ್ದಾರೆ. ಹಿತ್ತಾಳೆಗೆ ಹುಣಸೆಹಣ್ಣು ಹಚ್ಚುವುದೂ ಹಾಗೆಯೇ. ಇದನ್ನೆಲ್ಲ ಬೀದಿಗೆ ಸಾರಬಾರದೇ ಎಂದರೆ ರಾಯರು ಕೈ ಬೀಸಿಬಿಡುತ್ತಾರೆ. "ಅದು ಎಲ್ರಿಗೂ ಗೊತ್ತಿರೋದೇ ಅಲ್ವೇ ಮೇಷ್ಟ್ರೇ, ಅದರಲ್ಲೇನಿದೆ?"

ಇನ್ನು ತಾರಸಿ. ರಾಯರ ನಿಜವಾದ ರಂಗಸ್ಥಳ ಅದು.

ಅಲ್ಲೊಂದು ದೊಡ್ಡ ಸಿಮೆಂಟ್ ಕುಂಡ, ಅದರಲ್ಲೊಂದು ಕರಿಬೇವಿನ ಗಿಡ. ಕೆಳಮನೆಯ ಬಾಡಿಗೆಯವರು ಸೂರು ಒದ್ದೆಯಾಗುತ್ತಿದೆ ಎಂದು ದೂರಿದ್ದರಿಂದ ರಾಯರು ಕುಂಡದ ತಳದ ತೂತಿಗೆ ಎಂ-ಸೀಲ್ ಮೆತ್ತಿ, ಮೇಲೆ ನಾಲ್ಕು ಬೆರಳು ಜಲ್ಲಿ ಹಾಸಿ, ಆಮೇಲೆ ಮಣ್ಣು ತುಂಬಿದ್ದರು. "ಹೆಚ್ಚಾದ ನೀರು ಜಲ್ಲಿಗೆ ಇಳ್ಕೊಳ್ಳುತ್ತೆ, ಬೇರಿಗೆ ತೊಂದರೆಯಿಲ್ಲ." ಎಷ್ಟೋ ಮನೆಗಳಲ್ಲಿ ನಂಬಿಕೊಂಡು ಬಂದಿರುವ ಮಾತಿದು. ಆದರೆ ನುಣುಪು ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ತಾನು ತೊಪ್ಪೆಯಾಗಿ ತುಂಬುವವರೆಗೆ ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ಜಲ್ಲಿ ಹಾಕಿದ್ದರಿಂದ ಆಗುವುದಿಷ್ಟೇ, ಆ ಕೆಸರು ನಾಲ್ಕು ಬೆರಳು ಮೇಲೇರಿ ಬೇರಿಗೇ ಹತ್ತಿರವಾಗುತ್ತದೆ. ಗಿಡಕ್ಕೆ ಬೇಕಾದದ್ದು ತೂತು. ನಾನು ಹೇಳಿದೆ. ರಾಯರು "ತೂತೇನು, ಯಾವಾಗ ಬೇಕಾದ್ರೂ ಮಾಡಬಹುದು" ಎಂದರು.

ಡಿಸೆಂಬರ್ ಹೊತ್ತಿಗೆ ಎಲೆ ಹಳದಿಗೆ ತಿರುಗಿತು. ಆಗ ಚಿಕಿತ್ಸೆ ಆರಂಭವಾಯಿತು. ತುಮಕೂರಿನ ಅತ್ತೆ ಹುಳಿ ಮಜ್ಜಿಗೆ ಎಂದರು, ಹುಯ್ದರು. ಪುರವಣಿ ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಎಂದಿತು, ಅದೂ ಹೋಯಿತು. ಪಾರ್ಕಿನವರು ಅಕ್ಕಿ ತೊಳೆದ ನೀರು ಎಂದರು. ಹಿಂದೆ ಕಲಗಚ್ಚೆಂದು ಹಸುವಿಗೆ ಹೋಗುತ್ತಿದ್ದದ್ದು ಈಗ ಹಸುವಿಲ್ಲದ್ದಕ್ಕೆ ಕುಂಡಕ್ಕೆ. ಯಾರೋ ಎಪ್ಸಮ್ ಸಾಲ್ಟ್ ಎಂದಾಗ ರಾಯರು ಮೆಡಿಕಲ್ ಸ್ಟೋರಿಗೆ ಹೋದರು. ಅಂಗಡಿಯವನು ಮರುಕದಿಂದ ನೋಡಿ "ಎಷ್ಟು ದಿನದಿಂದ ಹೊಟ್ಟೆ ಕಟ್ಟಿದೆ ಸಾರ್?" ಎಂದನಂತೆ. ಅದು ಮೆಗ್ನೀಸಿಯಂ ಸಲ್ಫೇಟ್, ಭೇದಿಗೂ ಕೊಡುತ್ತಾರೆ. ಮಣ್ಣಿನಲ್ಲಿ ಮೆಗ್ನೀಸಿಯಂ ಕೊರತೆಯಿದ್ದರೆ ಗಿಡಕ್ಕೆ ಒಳ್ಳೆಯದೇ. ಇಲ್ಲದಿದ್ದರೆ ಉಪ್ಪು ಹಾಕಿದ ಹಾಗೆ. ಅದನ್ನೂ ಒಂದು ತಂಬಿಗೆ ನೀರಿನಲ್ಲಿ ಕರಗಿಸಿ ಹುಯ್ದರು. ಕಾಫಿ ಚರಟ ಮಾತ್ರ ಗಟ್ಟಿ ಪದಾರ್ಥ. ಆದರೆ ಫಿಲ್ಟರಿನಿಂದ ಬಡಿದು ಬಡಿದು ದಪ್ಪಗೆ ಹಾಕಿದ್ದರಿಂದ ಅದು ಮಣ್ಣಿನ ಮೇಲೆ ರೊಟ್ಟಿಯಂತೆ ಕೂತು, ಒಳಗಿನ ತೇವ ಆರದಂತೆ ಮುಚ್ಚಳವಾಯಿತು.

ಗಮನಿಸಿ, ಆ ಗಿಡಕ್ಕೆ ಇದ್ದ ಕಾಯಿಲೆ ನೀರು ಹೆಚ್ಚಾದದ್ದು. ಕೊಟ್ಟ ಮದ್ದೆಲ್ಲ ನೀರು.

ಇದರ ಜೊತೆಗೆ ಪಥ್ಯ. ಚಿಕಿತ್ಸೆಯಲ್ಲಿರುವ ಗಿಡದಿಂದ ಯಾರೂ ಒಂದು ಎಸಳು ಕೀಳಕೂಡದು ಎಂದು ರಾಯರ ಅಪ್ಪಣೆಯಾಯಿತು. ಅದು ಒಂಟಿ ಕೋಲಿನ ಹಾಗೆ ಬೆಳೆದು, ತುದಿಯಲ್ಲಿ ನಾಲ್ಕು ಎಲೆ ಹಿಡಿದು ನಿಂತಿತು.

ಯುಗಾದಿಯ ಆಸುಪಾಸು ಆ ತುದಿಯಲ್ಲಿ ಎಳೆ ಚಿಗುರು ಕಾಣಿಸಿತು. ರಾಯರು ಬೀದಿಗೆಲ್ಲ ಕಡಲೆಬೇಳೆ ಪಾಯಸ ಹಂಚುವುದೊಂದು ಬಾಕಿ. ಕರಿಬೇವು ಚಳಿಗಾಲದಲ್ಲಿ ತೂಕಡಿಸುತ್ತದೆ, ಬಿಸಿಲೇರಿದ ಮೇಲೆ ಯಾರೂ ಕೇಳದೆ ಚಿಗುರುತ್ತದೆ, ಊರಿನ ಎಲ್ಲ ಕರಿಬೇವೂ ಆ ವಾರ ಚಿಗುರಿತ್ತು. ಆದರೆ ರಾಯರನ್ನು ಕಾಡಿದ ಪ್ರಶ್ನೆ ಅದಲ್ಲ. ಕೀರ್ತಿ ಯಾರಿಗೆ ಕೊಡಬೇಕು? ಅತ್ತೆಗೆ ಫೋನು ಮಾಡಿ ಮಜ್ಜಿಗೆಯಿಂದ ಎಂದರು. ಪಾರ್ಕಿನಲ್ಲಿ ಅಕ್ಕಿ ನೀರಿನಿಂದ ಎಂದರು. ನನ್ನೆದುರು, ಕೆಮಿಸ್ಟ್ರಿಯ ಮರ್ಯಾದೆಗೆಂದು, ಮೆಗ್ನೀಸಿಯಂ ಎಂದರು.

"ಒಂದೊಂದನ್ನೇ ಹಾಕಿ ನೋಡಿದ್ದರೆ ಗೊತ್ತಾಗ್ತಿತ್ತು ರಾಯರೇ. ಪಕ್ಕದಲ್ಲಿ ಏನೂ ಹಾಕದ ಒಂದು ಗಿಡ ಇರಬೇಕಿತ್ತು."

"ಏನೂ ಹಾಕದೆ ಬಿಡೋದಾ? ಪಾಪ ಮೇಷ್ಟ್ರೇ, ಜೀವ ಅಲ್ವೇ ಅದು!"

ಏನೂ ಹಾಕದ ಒಂದು ಗಿಡ ಅಲ್ಲೇ ಇತ್ತು. ಅದನ್ನು ರಾಯರು ನೋಡಿರಲಿಲ್ಲ, ಏಕೆಂದರೆ ಅದು ಅವರದಲ್ಲ. ಕರಿಬೇವಿನ ಬೇರಿನಿಂದ ಎದ್ದ ಒಂದು ಮರಿಯನ್ನು ಅವರ ಮನೆಯವರು ಹಿಂದೆ ಯಾವಾಗಲೋ ಕಿತ್ತು, ತಳ ಬಿರುಕುಬಿಟ್ಟ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೆಟ್ಟು, ಒಗೆಯುವ ಕಲ್ಲಿನ ಪಕ್ಕ ಇಟ್ಟಿದ್ದರು. ಬಟ್ಟೆ ಹರವಲು ಹೋದಾಗ ನೆನಪಾದರೆ ಒಂದು ಚೊಂಬು ನೀರು. ದಿನಾ ಒಗ್ಗರಣೆಗೆ ಬೇಕೆಂದು ತುದಿಯನ್ನೇ ಚಿವುಟಿ ತರುತ್ತಾರೆ. ತುದಿ ಚಿವುಟಿದರೆ ಗಿಡ ಪಕ್ಕಕ್ಕೆ ಕವಲೊಡೆಯುತ್ತದೆ. ಹೀಗಾಗಿ ಅದು ಬಕೆಟ್ಟು ಕಾಣದಷ್ಟು ಪೊದೆಯಾಗಿತ್ತು.

ಉಪಾಯಗಳನ್ನು ಅಳೆಯಲು ಆಕೆಗೆ ಯಾವ ಕೆಮಿಸ್ಟ್ರಿಯೂ ಬೇಕಿಲ್ಲ. ಒಮ್ಮೆ ಕಾಫಿ ಲೋಟ ಕೊಡುತ್ತಾ ಹೇಳಿದ್ದರು: "ಇವರು ಏನಾದ್ರೂ ಮಾಡಲಿ ಮೇಷ್ಟ್ರೇ, ನಾನು ಕೇಳೋದು ಇಷ್ಟೇ. ಸರಿಹೋಗದಿದ್ರೆ ಮುಂಚಿನ ಹಾಗೆ ಮಾಡೋಕಾಗುತ್ತಾ? ಆಮೇಲೆ ಒರೆಸೋರು ಯಾರು?" ಅಕ್ಕಿ ನೀರು ಈ ಪರೀಕ್ಷೆಯಲ್ಲಿ ಪಾಸು, ಕಡಪ ಕಲ್ಲು ಫೇಲು. ನಾನು ಕಾಲೇಜಿನಲ್ಲಿ ಕಲಿಸಿದ್ದಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬೀಳುವ ಪಾಠ ಎಂದು ನನಗೆ ಗುಮಾನಿಯಿದೆ.

ನಡುವೆ ಟೊಮ್ಯಾಟೊ ಪ್ರಸಂಗವೂ ಒಂದು ನಡೆಯಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೈತರಿಗೆ ಕೊಟ್ಟ ಗಟ್ಟಿ ಸಲಹೆಯೊಂದಿದೆ: 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡು ಹೂ. ಕಾಯಿಕೊರಕದ ಚಿಟ್ಟೆ ಟೊಮ್ಯಾಟೊ ಬಿಟ್ಟು ಹಳದಿ ಹೂವಿಗೆ ಹೋಗಿ ಮೊಟ್ಟೆಯಿಡುತ್ತದೆ. ಹೂವು ಆ ಹೊತ್ತಿಗೆ ಅರಳಿರಬೇಕಾದ್ದರಿಂದ ಚೆಂಡು ಹೂವಿನ ಸಸಿ 40 ದಿನದ್ದು, ಟೊಮ್ಯಾಟೊ ಸಸಿ 25 ದಿನದ್ದು. ಹೊಲದಲ್ಲಿ ಪರೀಕ್ಷೆಯಾದ ಮಾತು. ರಾಯರ ತಾರಸಿಯಲ್ಲಿದ್ದದ್ದು ಒಂದೇ ಟೊಮ್ಯಾಟೊ ಗಿಡ. ಹದಿನಾರನೇ ಒಂದು ಪಾಲು ಚೆಂಡು ಹೂವೆಂದರೆ ಎಷ್ಟು ಎಂದು ಪೆನ್ನು ಪೇಪರು ಹಿಡಿದು ಕೂತರು. ಕಡೆಗೆ, ಕಮ್ಮಿಯಾಗುವುದು ಬೇಡವೆಂದು, ಗಾಂಧಿಬಜಾರಿನಿಂದ ಒಂದು ಮಾರು ಚೆಂಡು ಹೂವಿನ ಹಾರ ತಂದು ಗಿಡಕ್ಕೆ ಹಾಕಿದರು. ಕೆಳಮನೆಯ ಮಗು ಅದಕ್ಕೆ ಕೈಮುಗಿದು ಹೋಯಿತು.

ಮಳೆ ಹಿಡಿಯಿತು. ದೊಡ್ಡ ಕುಂಡಕ್ಕೆ ಈಗ ಮೇಲಿನಿಂದಲೂ ಔಷಧ. ಆಷಾಢ ಕಳೆಯುವುದರೊಳಗೆ ಎಲೆ ಉದುರಿ ಕೋಲು ಉಳಿಯಿತು. ರಾಯರು ಎರಡು ದಿನ ಯಾರ ಗೇಟಿಗೂ ಬರಲಿಲ್ಲ. ಮೂರನೆಯ ದಿನ ನನ್ನನ್ನು ಕರೆದರು. ಕುಂಡ ಮಗುಚಿದರೆ ಮಣ್ಣು ಗಬ್ಬು ನಾರುತ್ತಿತ್ತು, ಬೇರೆಲ್ಲ ಕಪ್ಪಗೆ ಕೊಳೆತು ಕೈಗೆ ಬಂದವು. ಜಲ್ಲಿಯಲ್ಲಿ ಮಜ್ಜಿಗೆಯಿಂದ ಮಳೆಯವರೆಗೆ ವರ್ಷದ ಎಲ್ಲ ಉಪಚಾರವೂ ನಿಂತಿತ್ತು. ನಾನು ಬಾಯಿ ತೆರೆಯುವ ಮುಂಚೆ ಅವರು ಕೈಯೆತ್ತಿ ಸುಮ್ಮನಿರಿಸಿದರು. ಅವರ ದೃಷ್ಟಿ ಒಗೆಯುವ ಕಲ್ಲಿನ ಕಡೆ ಹೋಗಿತ್ತು. ಮಳೆಗೆ ತೊಳೆದುಕೊಂಡ ಬಕೆಟ್ಟಿನ ಪೊದೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು, ಬಿರುಕಿನಿಂದ ನೀರು ಸಣ್ಣಗೆ ಜಿನುಗಿ ಮೋರಿ ಕಡೆ ಹರಿಯುತ್ತಿತ್ತು. ರಾಯರು ಹತ್ತಿರ ಹೋದರು, ಸುತ್ತಿ ಬಂದರು, ಬಗ್ಗಿ ಬಕೆಟ್ಟಿನ ತಳ ನೋಡಿದರು, ಬಿರುಕಿನೊಳಗೆ ಕಿರುಬೆರಳು ತೂರಿಸಿದರು. ಕೊನೆಗೂ ಈ ಮನುಷ್ಯನಿಗೆ ಹೊಳೆಯಿತಪ್ಪಾ ಎಂದು ನನಗೆ ಗಂಟಲುಬ್ಬಿತು.

"ಮೇಷ್ಟ್ರೇ," ಎಂದರು, ದನಿ ತಗ್ಗಿಸಿ. "ಈ ಹಳೇ ಪ್ಲಾಸ್ಟಿಕ್ಕಲ್ಲಿ ಏನೋ ಇದೆ."

ಅಂದಿನಿಂದ ರಾಯರ ತಾರಸಿಯಲ್ಲಿ ಸಿಮೆಂಟ್ ಕುಂಡಗಳಿಲ್ಲ. ಎಲ್ಲೆಲ್ಲಿಂದಲೋ ತಂದ ಒಡಕು ಬಕೆಟ್ಟುಗಳು ಸಾಲಾಗಿವೆ. ಒಡೆಯದೆ ಬಂದವನ್ನು ರಾಯರೇ ಮೊಳೆ ಸುತ್ತಿಗೆ ಹಿಡಿದು ಒಡೆಯುತ್ತಾರೆ. ನೀರು ಸರಾಗವಾಗಿ ಹರಿದುಹೋಗುತ್ತದೆ, ಕೆಳಮನೆಯವರ ಸೂರು ನೆನೆಯದಂತೆ ಬಕೆಟ್ಟುಗಳನ್ನು ಇಟ್ಟಿಗೆಯ ಮೇಲೆ ಏರಿಸಿ ನೀರನ್ನು ಮೋರಿಗೆ ತಿರುಗಿಸಿದ್ದಾರೆ. ಗಿಡಗಳು ದಿವಿನಾಗಿವೆ. ಬೀದಿಗೆ ಬೀದಿಯೇ ನಂಬಿಬಿಟ್ಟಿದೆ. ಹಳೇ ಸಾಮಾನಿನವನು ಗಾಡಿ ತಳ್ಳಿಕೊಂಡು ಬಂದರೆ ಪೇಪರು ಸಿಗುತ್ತದೆ, ಕಬ್ಬಿಣ ಸಿಗುತ್ತದೆ, ಒಡೆದ ಬಕೆಟ್ಟು ಮಾತ್ರ ಯಾರೂ ಕೊಡುವುದಿಲ್ಲ. ಪಕ್ಕದ ಕ್ರಾಸಿನವರು ರಾಯರಿಂದಲೇ ಒಂದೊಂದು ಕೇಳಿ ಒಯ್ಯುತ್ತಾರೆ. ನನ್ನ ಹೆಸರಿನಲ್ಲೂ ಒಂದನ್ನು ಎತ್ತಿಟ್ಟಿದ್ದಾರಂತೆ, ಕೆಂಪು ಬಣ್ಣದ್ದು. ಹಸಿರು ಬೇಡ ಮೇಷ್ಟ್ರೇ, ಅದರಲ್ಲಿ ಬೇರು ಬಿಡೋದು ತಡ, ಎಂದರು.